ಶೀತಸಮುದ್ರದ ಒಂದು ಭಗ್ನನೌಕೆಯೂ ಅದರ ಜೀವಸಮುದಾಯವೂ

ಸಮುದ್ರತಳದಲ್ಲಿ ಒರಗಿರುವ ಹಡಗು ಎಂದೊಡನೆ ಸಾಮಾನ್ಯ ವಾಚಕನ ಮನಸ್ಸಿಗೆ ಬರುವುವು ಎರಡು ವಿಷಯಗಳು: ಒಂದು, ಅದು ಮುಳುಗಿದ ಗಳಿಗೆಯ ದುರಂತ, ಮತ್ತೊಂದು, ಅದರ ಒಡಲಿನಲ್ಲಿ ಅಡಗಿರಬಹುದಾದ ನಿಧಿ. ಜೀವಶಾಸ್ತ್ರದ ವಿದ್ಯಾರ್ಥಿಗೆ ಇವೆರಡಕ್ಕಿಂತಲೂ ಬೆಲೆಯುಳ್ಳ ಮೂರನೆಯದೊಂದು ಅಲ್ಲಿ ಉಂಟು. ಅದೇ ದಿನಾಂಕ. ಕಡಲಿನ ಸ್ವಾಭಾವಿಕ ಬಂಡೆಯ ಮೇಲೆ ಪ್ರಾಣಿಗಳು ಎಂದು ನೆಲಸತೊಡಗಿದುವೆಂಬುದನ್ನು ಯಾರೂ ಹೇಳಲಾರರು. ಹಡಗಾದರೋ ಇಂತಹ ವರ್ಷದ ಇಂತಹ ತಿಂಗಳಿನ ಇಂತಹ ದಿನ ತಳವನ್ನು ಸೇರಿತೆಂದು ದಾಖಲೆಯಿರುತ್ತದೆ. ಅದರ ಅಟ್ಟ, ಯಂತ್ರಶಾಲೆ, ಸರಕಿನ ಕೋಣೆಗಳು ಅಂದಿನವರೆಗೆ ಒಣನೆಲವೇ ಆಗಿದ್ದುವು. ಇಂದು ಅವುಗಳ ಮೇಲೆ ಕಾಣುವ ಕಡಲಜೀವಿಗಳೆಲ್ಲವೂ ಆ ದಿನದಿಂದೀಚೆಗೆ ಬಂದುವೇ ಆಗಿರಬೇಕು. ಆದಕಾರಣ ಭಗ್ನನೌಕೆಯನ್ನು ಹುಟ್ಟಿದ ದಿನ ತಿಳಿದಿರುವ ಬಂಡೆಯೆಂದು ಭಾವಿಸಬಹುದು. ಸ್ಕಾಟ್ಲೆಂಡಿನ ತೀರದಲ್ಲಿರುವ ಒಂದು ಸಣ್ಣ ನೌಕೆಯನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು, ಇಂತಹ ಬಂಡೆಯ ಮೇಲೆ ಜೀವಸಮುದಾಯ ನೆಲೆಗೊಳ್ಳುವ ಬಗೆಯನ್ನೂ, ಮುಳುಗುಗಾರನು ಅದನ್ನು ಓದುವ ಕ್ರಮವನ್ನೂ, ಅಲ್ಲಿನ 'ಸಮೃದ್ಧಿ'ಯನ್ನು ಕುರಿತು ಮಾತನಾಡುವಾಗ ಇರಬೇಕಾದ ಎಚ್ಚರಿಕೆಯನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ನೌಕೆಯೂ ಸ್ಥಳವೂ

ಸ್ಕಾಟ್ಲೆಂಡಿನ ಆಗ್ನೇಯ ಮೂಲೆಯಲ್ಲಿ, ಬೆರ್ವಿಕ್‌ಷೈರ್ ತೀರದಲ್ಲಿ, ಸೇಂಟ್ ಆಬ್ಸ್ ಹೆಡ್ ಎಂಬ ಭೂಶಿರವು ಉತ್ತರ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಪ್ರಾಚೀನ ಜ್ವಾಲಾಮುಖಿಯ ಲಾವಾಶಿಲೆಯಿಂದಾದ ಈ ಭೂಶಿರದ ಕಡಿದಾದ ಗೋಡೆಗಳು ನೀರಿನ ಕೆಳಗೂ ಹಾಗೆಯೇ ಇಳಿದುಹೋಗುತ್ತವೆ. 1912ನೆಯ ಜುಲೈ ತಿಂಗಳಿನಲ್ಲಿ ಗ್ಲಾನ್‌ಮೈರ್ ಎಂಬ ಉಗಿಹಡಗು ದಟ್ಟವಾದ ಮಂಜಿನಲ್ಲಿ ದಾರಿತಪ್ಪಿ ಇಲ್ಲಿಯ ಬಂಡೆಯೊಂದಕ್ಕೆ ತಗುಲಿ ಮುಳುಗಿತು. ಅದೇ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಟೈಟಾನಿಕ್ ಮುಳುಗಿದ್ದಿತು. ಆ ಮಹಾನೌಕೆಯ ಹೆಸರನ್ನು ಕೇಳದವರಿಲ್ಲ. ಆದರೆ ಅದು ಬಿದ್ದಿರುವುದು ಸುಮಾರು 3,800 ಮೀಟರ್ ಆಳದಲ್ಲಿ. 1985ರವರೆಗೆ ಅದು ಬಿದ್ದ ಜಾಗವೇ ಗೊತ್ತಿರಲಿಲ್ಲ. ಗ್ಲಾನ್‌ಮೈರ್ ಹೆಸರಿಲ್ಲದ ಹಡಗುಗಳ ಸಾಲಿಗೆ ಸೇರಿದುದು. ಆದರೆ ಸುಮಾರು 30 ಮೀಟರ್ ಆಳದಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡ ಮನುಷ್ಯನ ಕೈಗೆಟಕುವಂತೆ ಬಿದ್ದಿರುವುದರಿಂದ, ಜೀವಶಾಸ್ತ್ರಕ್ಕೆ ಅದರ ಉಪಯೋಗ ಹೆಚ್ಚು.

ಇಂದು ಅದು ಹಡಗಿನ ಆಕಾರವನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ಪಕ್ಕದ ತಗಡುಗಳು ಕುಸಿದು ಚಪ್ಪಟೆಯಾಗಿವೆ. ದಪ್ಪ ಲೋಹದ ಬಾಯ್ಲರುಗಳು ಮಾತ್ರ ಎದ್ದುನಿಂತಿವೆ. ಹಿಂಭಾಗದಲ್ಲಿ ನೀರು ನೂಕುವ ಚಕ್ರವನ್ನೂ ಚುಕ್ಕಾಣಿಯ ಕಂಬವನ್ನೂ ಗುರುತಿಸಬಹುದು. ಈ ಉಳಿಕೆಗಳನ್ನೆಲ್ಲ ಬಿಳಿ, ಕಿತ್ತಿಳೆ ಬಣ್ಣದ ಜೀವಿಗಳು ಒತ್ತೊತ್ತಾಗಿ ಮುಚ್ಚಿಬಿಟ್ಟಿವೆ. ಈ ಭೂಶಿರದಿಂದ ದಕ್ಷಿಣದ ಐಮತ್ ಊರಿನವರೆಗಿನ ಕಡಲಂಚನ್ನು 1984ರಲ್ಲಿ ಸ್ವಯಂಪ್ರೇರಿತ ಸಾಗರ ರಕ್ಷಿತಧಾಮವೆಂದು ಘೋಷಿಸಲಾಯಿತು. ಬೆಸ್ತರೂ ಮುಳುಗುಗಾರರೂ ತಾವೇ ಒಪ್ಪಿ ನಡೆಸಿಕೊಂಡು ಬಂದ ನಿಯಮಗಳ ಮೇಲೆ ಈ ಧಾಮವು ನಿಂತಿದೆಯೆಂಬುದು ಗಮನಾರ್ಹ.

ತಣ್ಣೀರಿನ ಫಲವತ್ತತೆ

ಉಷ್ಣವಲಯದವರಾದ ನಮಗೆ ಜೀವಸಮೃದ್ಧಿಯೆಂದರೆ ಬೆಚ್ಚಗಿನ ನೀರು, ಹವಳದ ದಿಬ್ಬಗಳು ನೆನಪಾಗುತ್ತವೆ. ಸೇಂಟ್ ಆಬ್ಸ್ ತೀರದ ನೀರು ಚಳಿಗಾಲದ ಕೊನೆಯಲ್ಲಿ ಸುಮಾರು 5 ಅಥವಾ 6 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು, ಬೇಸಗೆಯ ಕೊನೆಯಲ್ಲಿಯೂ 14 ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಇಂತಹ ನೀರಿನಲ್ಲಿ ಇಷ್ಟೊಂದು ಪ್ರಾಣಿಗಳು ಹೇಗೆ ಬದುಕಿಯಾವು ಎಂಬ ಪ್ರಶ್ನೆ ಸಹಜವಾದುದು. ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಲವಣಾಂಶಗಳ ಪೂರೈಕೆ. ಬೆಚ್ಚನೆಯ ಕಡಲಿನಲ್ಲಿ ಮೇಲಿನ ಹಗುರವಾದ ನೀರಿನ ಪದರವು ಕೆಳಗಿನ ತಣ್ಣನೆಯ ಪದರದ ಮೇಲೆ ಮುಚ್ಚಳದಂತೆ ಕುಳಿತಿರುವುದರಿಂದ, ಆಳದ ನೈಟ್ರೇಟು, ಫಾಸ್ಫೇಟುಗಳು ಬೆಳಕಿರುವ ಮೇಲ್ಪದರಕ್ಕೆ ಬರಲಾರವು. ಶೀತಸಮುದ್ರದಲ್ಲಿ ಚಳಿಗಾಲದ ಬಿರುಗಾಳಿಗಳು ಈ ಮುಚ್ಚಳವನ್ನು ತೆಗೆದುಹಾಕಿ ನೀರನ್ನು ಕಡೆಯುತ್ತವೆ. ವಸಂತಕಾಲದ ಬೆಳಕು ಬಿದ್ದೊಡನೆಯೇ ಸಸ್ಯಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ. ಅವುಗಳ ಬೆನ್ನಹಿಂದೆ ಪ್ರಾಣಿಪ್ಲವಕಗಳು ಹೆಚ್ಚುತ್ತವೆ. ನಮ್ಮ ಕರಾವಳಿಯಲ್ಲಿ ಈ ಕೆಲಸವನ್ನು ಬೇರೊಂದು ರೀತಿಯಿಂದ ನೈಋತ್ಯ ಮಾರುತವು ಮಾಡುತ್ತದೆ. ಆ ತಿಂಗಳುಗಳಲ್ಲಿ ಆಳದ ನೀರು ಮೇಲೇರುವುದಕ್ಕೂ ಬೂತಾಯಿ ಮೀನಿನ ಬೆಳೆಗೂ ಸಂಬಂಧವುಂಟೆಂಬುದು ತಿಳಿದ ವಿಷಯ. ಎರಡನೆಯದು ಆಮ್ಲಜನಕ. ಸಾಮಾನ್ಯ ಲವಣತೆಯ ಸಮುದ್ರಜಲವು 5 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 10 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲುದು; 28 ಡಿಗ್ರಿಯಲ್ಲಿ ಈ ಪ್ರಮಾಣವು 6ಕ್ಕಿಂತ ತುಸು ಹೆಚ್ಚು ಮಾತ್ರ. ಮೂರನೆಯದು ಉಬ್ಬರವಿಳಿತದ ಪ್ರವಾಹ. ಭೂಶಿರದ ಸುತ್ತ ನೀರು ದಿನಕ್ಕೆ ನಾಲ್ಕು ಬಾರಿ ದಿಕ್ಕು ಬದಲಿಸಿ ಹರಿಯುತ್ತದೆ. ಒಂದೇ ಕಡೆ ಅಂಟಿಕೊಂಡು ಬದುಕುವ ಪ್ರಾಣಿಯು ಆಹಾರವನ್ನು ಹುಡುಕಿಕೊಂಡು ಹೋಗಲಾರದು. ಆಹಾರವೇ ಅದರ ಬಾಯಿಗೆ ಬರಬೇಕು. ಪ್ರವಾಹವು ತರುವ ಪ್ಲವಕಗಳ ರಾಶಿಯೇ ಅದಕ್ಕೆ ನಿತ್ಯದ ಊಟ.

ಈ ಮೂರರಲ್ಲಿ ಯಾವುದನ್ನೂ ಹಡಗು ಒದಗಿಸಿಲ್ಲವೆಂಬುದನ್ನು ಮನಸ್ಸಿನಲ್ಲಿಡಬೇಕು. ಹಡಗು ಕೊಟ್ಟುದು ನೆಲೆಯೊಂದನ್ನೇ. ಸುತ್ತಲಿನ ಮರಳಿನ ಮೇಲೆ ಅಂಟಿಕೊಳ್ಳಲು ಗಟ್ಟಿಯಾದ ಆಸರೆಯಿಲ್ಲ. ಬಾಯ್ಲರಾದರೋ ತಳದಿಂದ ಮೇಲಕ್ಕೆದ್ದು, ಹರಿಯುವ ನೀರಿಗೆ ಮುಖವೊಡ್ಡಿ ನಿಂತಿದೆ. ತಳಕ್ಕೆ ತಾಗಿದಂತೆ ನೀರಿನ ವೇಗ ಕಡಮೆ, ಕೆಸರು ಹೆಚ್ಚು. ಮೇಲೇರಿದಷ್ಟೂ ವೇಗ ಹೆಚ್ಚು, ಕೆಸರು ಕಡಮೆ. ಆದ್ದರಿಂದಲೇ ಭಗ್ನನೌಕೆಯ ಎತ್ತರವಾದ ಭಾಗಗಳೂ ಅಂಚುಗಳೂ ಎಲ್ಲಕ್ಕಿಂತ ಮೊದಲು ತುಂಬಿಹೋಗುತ್ತವೆ.

ನೆಲಸುವಿಕೆಯ ಕ್ರಮ

ಮಲ್ಪೆ, ಕಾರವಾರಗಳಲ್ಲಿ ದೋಣಿಯನ್ನು ದಡಕ್ಕೆಳೆದು ತಳವನ್ನು ಕೆರೆಯುವುದನ್ನು ಕಂಡವರಿಗೆ, ನೀರಿನಲ್ಲಿರುವ ಯಾವ ಗಟ್ಟಿ ವಸ್ತುವೂ ಬಹುಕಾಲ ಬರಿದಾಗಿ ಉಳಿಯದೆಂಬುದು ಗೊತ್ತು. ಕೆರೆದು ತೆಗೆಯುವುದು ಹೆಚ್ಚಾಗಿ ಬಾರ್ನಕಲ್ ಎಂಬ ಸುಣ್ಣದ ಗೂಡಿನ ಪ್ರಾಣಿಯನ್ನು, ಕೆಲವೆಡೆ ಪಚ್ಚಿಲೆಯನ್ನು. ಬಾರ್ನಕಲ್ಲಿನ ಡಿಂಭವು ನೀರಿನಲ್ಲಿ ಈಜುತ್ತ ಬಂದು, ತನ್ನ ಮುಂಗೊಂಬುಗಳಿಂದ ಮೇಲ್ಮೈಯನ್ನು ತಡವಿ ನೋಡಿ, ಒಪ್ಪಿಗೆಯಾದರೆ ಅಂಟು ಸುರಿಸಿ ತಲೆಕೆಳಗಾಗಿ ಸ್ಥಿರಗೊಳ್ಳುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಸ್ಥಳಾಂತರವಿಲ್ಲ. ಹೀಗೆ ಒಂದೇ ಬಾರಿ ಆಯ್ಕೆ ಮಾಡಿ, ಜೀವಮಾನವೆಲ್ಲ ಅದಕ್ಕೆ ಬದ್ಧವಾಗಿರುವ ಸಾವಿರಾರು ಡಿಂಭಗಳ ನಿರ್ಧಾರದಿಂದ ಭಗ್ನನೌಕೆಯ ಸಮುದಾಯ ಹುಟ್ಟುತ್ತದೆ.

ಗ್ಲಾನ್‌ಮೈರ್ ಮುಳುಗಿದ ಮೊದಲ ವರ್ಷಗಳಲ್ಲಿ ಅದನ್ನು ಇಳಿದು ನೋಡಿದವರಿಲ್ಲ. ಕೂಸ್ಟೋ ಮತ್ತು ಗಾನ್ಯಾನ್ ತಮ್ಮ ಉಸಿರಾಟದ ಉಪಕರಣವನ್ನು ಸಿದ್ಧಪಡಿಸಿದುದೇ 1943ರಲ್ಲಿ. ಆದುದರಿಂದ ಆರಂಭದ ಹಂತಗಳನ್ನು ತಿಳಿಯಲು ಮತ್ತೊಂದು ಹಡಗಿನ ಸಹಾಯ ಬೇಕಾಗುತ್ತದೆ. ಇಂಗ್ಲೆಂಡಿನ ನೌಕಾಪಡೆಯಿಂದ ನಿವೃತ್ತವಾಗಿದ್ದ ಸಿಲ್ಲ ಎಂಬ ಯುದ್ಧನೌಕೆಯನ್ನು ಕೃತಕ ಬಂಡೆಯಾಗಲೆಂದೇ 2004ನೆಯ ಮಾರ್ಚ್ 27ರಂದು ಕಾರ್ನ್‌ವಾಲಿನ ವಿಟ್‌ಸ್ಯಾಂಡ್ ಕೊಲ್ಲಿಯಲ್ಲಿ ಮುಳುಗಿಸಲಾಯಿತು. ಪ್ಲಿಮತ್‌ನ ಸಾಗರ ಜೀವಶಾಸ್ತ್ರಜ್ಞ ಕೀತ್ ಹಿಸ್ಕಾಕ್ ಮತ್ತು ಸಂಗಡಿಗರು ಐದು ವರ್ಷಗಳ ಕಾಲ ಮತ್ತೆ ಮತ್ತೆ ಇಳಿದು ಅದರ ಮೇಲಿನ ಬೆಳವಣಿಗೆಯನ್ನು ದಾಖಲಿಸಿದರು. ಈ ಹಡಗು ಗ್ಲಾನ್‌ಮೈರ್‌ಗಿಂತ ದೊಡ್ಡದು. ಅಲ್ಲಿಯ ನೀರು ತುಸು ಬೆಚ್ಚಗಿನದು. ಆದರೂ ಕ್ರಮದ ತತ್ತ್ವವನ್ನು ಗ್ರಹಿಸಲು ಈ ದಾಖಲೆ ಸಾಕು.

ಕೆಲವೇ ದಿನಗಳಲ್ಲಿ ನೆಲಸುವಿಕೆ ಆರಂಭವಾಯಿತು. ಮೊದಲು ಬಂದುವು ಹಡಗಿನ ತಳಗಳಲ್ಲಿ ಎಲ್ಲೆಲ್ಲಿಯೂ ಕಾಣುವ ಹೈಡ್ರಾಯ್ಡುಗಳು, ಬಾರ್ನಕಲ್ಲುಗಳು, ಸುಣ್ಣದ ಕೊಳವೆ ಕಟ್ಟುವ ಹುಳುಗಳು. ಇವುಗಳಲ್ಲಿ ಕೆಲವು ನಿಂತುವು. ಕೆಲವು ಒಂದು ಋತುವಿದ್ದು ಮಾಯವಾದುವು. ಬಳಿಕ ಇವನ್ನು ತಿನ್ನಲು ನಕ್ಷತ್ರಮೀನುಗಳೂ ಕಡಲ ಮುಳ್ಳುಚೆಂಡುಗಳೂ ಬಂದು, ದಟ್ಟವಾಗಿ ಬೆಳೆದಿದ್ದ ಹಾಸುಗಳನ್ನು ಬರಿದುಮಾಡಿದುವು. ಆ ಬರಿದಾದ ಸ್ಥಳವು ಮತ್ತೊಂದು ತಂಡದ ಪಾಲಾಯಿತು. ನಿಧಾನವಾಗಿ ಬೆಳೆಯುವ ಗುಲಾಬಿ ಬಣ್ಣದ ಕಡಲ ಬೀಸಣಿಗೆ, ಎಂದರೆ ಯೂನಿಸೆಲ್ಲ ವೆರುಕೋಸ, ಕಂಡುಬಂದುದು 2007ರಲ್ಲಿ. ಐದು ವರ್ಷ ಕಳೆದ ಮೇಲೆಯೂ ನೆರೆಯ ಸ್ವಾಭಾವಿಕ ಬಂಡೆಗಳಲ್ಲಿರುವ ಎಷ್ಟೋ ಪ್ರಭೇದಗಳು ಅಲ್ಲಿಗೆ ಬಂದಿರಲಿಲ್ಲ. ಇದರಿಂದ ತಿಳಿಯುವುದೇನು? ಮೊದಲು ಬಂದವನಿಗೆ ಸ್ಥಿರವಾದ ಹಕ್ಕಿಲ್ಲ. ಬರಿಯ ಲೋಹವು ತುಂಬಿದಂತೆ ಕಾಣಲು ಒಂದು ಬೇಸಗೆ ಸಾಕು. ಅದು ಬಂಡೆಯ ಸಮುದಾಯವನ್ನು ಹೋಲಲು ಹಲವು ವರ್ಷಗಳೂ ಸಾಲವು.

ಮುಳುಗುಗಾರನ ಗಳಿಗೆಗಳು

ಗ್ಲಾನ್‌ಮೈರ್‌ನಂತಹ ನೌಕೆಯನ್ನು ಬೇಕೆಂದಾಗ ನೋಡಲಾಗುವುದಿಲ್ಲ. ಭರತವು ಇಳಿತಕ್ಕೆ ತಿರುಗುವಾಗ ನೀರು ಸ್ವಲ್ಪ ಹೊತ್ತು ಸ್ತಬ್ಧವಾಗುತ್ತದೆ. ಆ ಗಳಿಗೆಯನ್ನು ಲೆಕ್ಕಹಾಕಿ ದೋಣಿಯಲ್ಲಿ ಹೋಗಬೇಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗನೆ ದೇಹದ ಶಾಖವನ್ನು ಸೆಳೆಯುವುದರಿಂದ, ಒಳಗೆ ನೀರು ನುಗ್ಗದ ಒಣ ಉಡುಪನ್ನು ತೊಡಬೇಕು. ಅತಿಶೀತದಲ್ಲಿ ಉಸಿರಾಟದ ನಿಯಂತ್ರಕದೊಳಗೆ ಮಂಜು ಕಟ್ಟಿ, ಗಾಳಿಯು ತಡೆಯಿಲ್ಲದೆ ಸುರಿದುಹೋಗುವ ಅಪಾಯವೂ ಉಂಟು. ಸುಮಾರು 30 ಮೀಟರ್ ಆಳದಿಂದ ಮುಂದೆ, ಒತ್ತಡಕ್ಕೊಳಗಾದ ಸಾರಜನಕವು ಬುದ್ಧಿಗೆ ಮಂಕು ಕವಿಸತೊಡಗುತ್ತದೆ. ಈ ಎಲ್ಲ ಕಾರಣಗಳಿಂದ ತಕ್ಕ ಶಿಕ್ಷಣವೂ ಜೊತೆಗಾರನೂ ಇಲ್ಲದೆ ಇಂತಹ ಸ್ಥಳಕ್ಕೆ ಇಳಿಯುವುದು ಅವಿವೇಕ.

ಗಾಳಿಯ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. 30 ಮೀಟರ್ ಆಳದಲ್ಲಿ ಒಟ್ಟು ಒತ್ತಡ ನಾಲ್ಕು ವಾಯುಭಾರ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿ, ಮೇಲ್ಮೈಯ ಅಳತೆಯಲ್ಲಿ, ಸುಮಾರು 2,400 ಲೀಟರು. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರು ಉಸಿರಾಡುವವನಿಗೆ ಈ ಆಳದಲ್ಲಿ 80 ಲೀಟರು ಬೇಕು. ಎಂದರೆ ಸಿಲಿಂಡರು ಪೂರ್ತಿ ಬರಿದಾಗಲು 30 ನಿಮಿಷ. ಏರಿ ಬರುವುದಕ್ಕೂ ಆಪತ್ತಿಗೂ ತೆಗೆದಿಡಬೇಕಾದುದನ್ನು ಕಳೆದರೆ ಉಳಿಯುವುದು 20 ನಿಮಿಷದ ಆಸುಪಾಸು. ರಕ್ತದಲ್ಲಿ ಕರಗುವ ಸಾರಜನಕದ ದೃಷ್ಟಿಯಿಂದಲೂ, ಮಧ್ಯೆ ತಂಗದೆ ಮೇಲೇರಲು ಈ ಆಳದಲ್ಲಿ ಸಿಗುವ ಅವಧಿ ಸುಮಾರು ಅಷ್ಟೇ. ಒಬ್ಬನು ನೂರು ಬಾರಿ ಇಳಿದರೂ ಅವನು ಆ ನೌಕೆಯನ್ನು ಕಂಡ ಒಟ್ಟು ಕಾಲ ಮೂವತ್ತಮೂರು ಗಂಟೆ, ಒಂದೂವರೆ ದಿನಕ್ಕಿಂತ ಕಡಮೆ. ಭಗ್ನನೌಕೆಗಳನ್ನು ಕುರಿತ ನಮ್ಮ ಜ್ಞಾನವೆಲ್ಲ ಇಂತಹ ತುಣುಕುಗಳಿಂದ ಹೊಲಿದುದು.

ಈ ಇಪ್ಪತ್ತು ನಿಮಿಷಗಳಲ್ಲಿ ಕಾಣುವುದೇನು? ನೀರು ಸೂರ್ಯನ ಬೆಳಕಿನ ಕೆಂಪಂಶವನ್ನು ಮೊದಲು ಹೀರಿಬಿಡುವುದರಿಂದ ಆ ಆಳದಲ್ಲಿ ಎಲ್ಲವೂ ಹಸುರುಗಪ್ಪು. ಕೈದೀಪವನ್ನು ಹಿಡಿದೊಡನೆ ಬಾಯ್ಲರಿನ ಮೈ ಬೆಳಗುತ್ತದೆ. ಮುಖ್ಯವಾಗಿ ಕಾಣುವುದು ಆಲ್ಸಿಯೋನಿಯಂ ಡಿಜಿಟೇಟಂ. ಆಂಗ್ಲರ ಆಡುಮಾತಿನಲ್ಲಿ ಇದಕ್ಕೆ 'ಸತ್ತವನ ಬೆರಳು' ಎಂದು ಹೆಸರು. ಹೆಸರು ಮೃತನದಾದರೂ ಇದು ಜೀವಂತ ಪ್ರಾಣಿಗಳ ಸಮೂಹ; ಪ್ರತಿಯೊಂದು ಬೆರಳಿನ ಮೇಲೆಯೂ ಎಂಟೆಂಟು ಕರಬಳ್ಳಿಗಳುಳ್ಳ ಅಸಂಖ್ಯಾತ ಪಾಲಿಪ್‌ಗಳಿವೆ. ಬೇಸಗೆಯ ಉತ್ತರಾರ್ಧದಿಂದ ಹಲವು ತಿಂಗಳು ಇದು ತನ್ನ ಪಾಲಿಪ್‌ಗಳನ್ನು ಒಳಕ್ಕೆಳೆದುಕೊಂಡು, ಮೈಮೇಲೆ ಪಾಚಿಯ ಪೊರೆ ಕಟ್ಟಿದರೂ ಅಲುಗದೆ ಇರುತ್ತದೆ. ಚಳಿಗಾಲದಲ್ಲಿ ಆ ಪೊರೆಯನ್ನು ಕಳಚಿ ಮೊಟ್ಟೆಗಳನ್ನು ಬಿಡುತ್ತದೆ. ಶರತ್ಕಾಲದಲ್ಲಿ ಇಳಿದವನು 'ಸಮುದಾಯ ರೋಗಗ್ರಸ್ತವಾಗಿದೆ' ಎಂದೂ, ಫೆಬ್ರವರಿಯಲ್ಲಿ ಇಳಿದವನು 'ಆರೋಗ್ಯವಾಗಿದೆ' ಎಂದೂ ಬರೆಯಬಹುದು. ಇಬ್ಬರೂ ಕಂಡುದು ಒಂದೇ ಪ್ರಾಣಿಯ ಎರಡು ಋತುಗಳನ್ನು.

'ಸಮೃದ್ಧಿ' ಎಂಬ ಮಾತು

ಬೆರಳುಗಳ ನಡುವೆ ಮೆಟ್ರಿಡಿಯಂ ಸೆನೈಲ್ ಎಂಬ ಕಡಲಹೂವುಗಳು, ಬಿಳಿ ಅಥವಾ ಕಿತ್ತಿಳೆಯ ಕುಚ್ಚುಗಳಂತೆ, ಕಂಬದ ಮೇಲೆ ಕಂಬವಾಗಿ ನಿಂತಿರುತ್ತವೆ. ಶೀತಸಮುದ್ರದ ಭಗ್ನನೌಕೆಗಳಲ್ಲೆಲ್ಲ ಇವು ಪ್ರಸಿದ್ಧ. ಇವು ಡಿಂಭಗಳ ಮೂಲಕ ಹರಡುವುದಲ್ಲದೆ, ಪಾದದ ಅಂಚಿನ ತುಣುಕುಗಳನ್ನು ಬಿಟ್ಟು ಅವುಗಳಿಂದಲೂ ವೃದ್ಧಿಯಾಗುತ್ತವೆ. ತುಣುಕಿನಿಂದ ಬಂದುದು ತಾಯಿಯ ಪಡಿಯಚ್ಚು. ಒಂದು ತಗಡಿನ ಮೇಲೆ ಒಂದೇ ಬಣ್ಣದ ಇನ್ನೂರು ಕಡಲಹೂವುಗಳಿದ್ದರೆ, ಅವೆಲ್ಲವೂ ಒಂದೇ ಡಿಂಭದ ಸಂತತಿಯಾಗಿರುವ ಸಂಭವವುಂಟು. ಕಣ್ಣಿಗೆ ಅದು ಸಮೃದ್ಧಿ. ಲೆಕ್ಕಕ್ಕೆ ಅದು ಒಂದೇ ಪ್ರಭೇದ, ಪ್ರಾಯಶಃ ಒಂದೇ ವ್ಯಕ್ತಿ. ಹತ್ತಿರದ ಬಂಡೆಯ ಬಿರುಕೊಂದರಲ್ಲಿ ಸ್ಪಂಜು, ಏಡಿ, ಹುಳು, ಶಂಖಜಾತಿಗಳು ಮರೆಯಾಗಿದ್ದು, ಅಲ್ಲಿ ಪ್ರಭೇದಗಳ ಸಂಖ್ಯೆ ಇದಕ್ಕಿಂತ ಹೆಚ್ಚಾಗಿರಬಹುದು. ಆದಕಾರಣ ರಾಶಿ, ವೈವಿಧ್ಯಗಳೆಂಬ ಎರಡು ಮಾತುಗಳನ್ನು ಬೇರ್ಪಡಿಸಿಯೇ ಬಳಸಬೇಕು.

ಮೀನುಗಳ ವಿಷಯದಲ್ಲಿ ಇನ್ನೊಂದು ಪ್ರಶ್ನೆಯುಂಟು. ಭಗ್ನನೌಕೆಯ ಸುತ್ತ ಮೀನುಗಳು ಕೂಡಿರುವುದು ನಿಜ. ಆದರೆ ಹಡಗು ಮೀನನ್ನು ಹೆಚ್ಚಿಸಿತೆ, ಅಥವಾ ಸುತ್ತಮುತ್ತ ಚದರಿದ್ದ ಮೀನನ್ನು ಒಂದೆಡೆ ಕೂಡಿಸಿತೆ? ಉತ್ಪಾದನೆ, ಆಕರ್ಷಣೆಗಳ ಈ ವಾದವು ಕೃತಕ ಬಂಡೆಗಳ ವಿಜ್ಞಾನದಲ್ಲಿ ಹಳೆಯದು. ಉತ್ತರವು ಪ್ರಭೇದದಿಂದ ಪ್ರಭೇದಕ್ಕೂ ಸ್ಥಳದಿಂದ ಸ್ಥಳಕ್ಕೂ ಬೇರೆಯಾಗುತ್ತದೆ. ಹಡಗಿನ ಮೇಲೆಯೇ ಬೆಳೆದುದನ್ನು ತಿಂದು, ಅದರ ಸಂದಿಯಲ್ಲಿಯೇ ಮರಿಮಾಡುವ ಪ್ರಾಣಿಗೆ ಅದು ಉತ್ಪಾದನೆಯ ಕ್ಷೇತ್ರ. ಹೊರಗೆ ಮೇಯ್ದು ಹಗಲಿನಲ್ಲಿ ಬಂದು ತಂಗುವ ಮೀನಿಗೆ ಅದು ಛತ್ರದಂತೆ. ಈ ಭೇದ ಬರಿಯ ಪಾಂಡಿತ್ಯದ ವಿಷಯವಲ್ಲ. ಹಿಂದಿನದು ನಿಜವಾದರೆ ಅಲ್ಲಿ ಮಿತಿಯರಿತು ಮೀನು ಹಿಡಿಯಬಹುದು. ಎರಡನೆಯದು ನಿಜವಾದರೆ, ಕೂಡಿಸಿದ ಮೀನನ್ನು ಹಿಡಿಯುವುದರಿಂದ ಇಡೀ ಸುತ್ತಲ ಕಡಲೇ ಬರಿದಾದೀತು. ಬೆಸ್ತರ ಜೀವನೋಪಾಯವು ಈ ಪ್ರಶ್ನೆಯನ್ನು ಅವಲಂಬಿಸಿದೆ.

ಕರಗುತ್ತಿರುವ ಗಡಿಯಾರ

ಬಂಡೆಗೂ ಹಡಗಿಗೂ ಇರುವ ಮುಖ್ಯ ವ್ಯತ್ಯಾಸವೆಂದರೆ ಹಡಗು ಕರಗುತ್ತದೆ. ಸಮುದ್ರಜಲದಲ್ಲಿ ಉಕ್ಕು ಒಂದು ಮುಖದಿಂದ ವರ್ಷಕ್ಕೆ ಸುಮಾರು 0.1 ಮಿಲಿಮೀಟರಿನಷ್ಟು ಸವೆಯುವುದೆಂದು ಸ್ಥೂಲವಾದ ಲೆಕ್ಕ. ಎರಡು ಮುಖಗಳಿಂದಲೂ ಸವೆಯುವ 12 ಮಿಲಿಮೀಟರ್ ದಪ್ಪದ ತಗಡೊಂದಕ್ಕೆ ಆಯುಸ್ಸು ಸುಮಾರು 60 ವರ್ಷ. 1912ರಲ್ಲಿ ಮುಳುಗಿದ ಹಡಗಿನ ಪಕ್ಕಗಳು ಕುಸಿದಿರುವುದೂ, ಅವಕ್ಕಿಂತ ದಪ್ಪನಾದ ಬಾಯ್ಲರುಗಳು ನಿಂತಿರುವುದೂ ಈ ಲೆಕ್ಕಕ್ಕೆ ಹೊಂದುತ್ತವೆ. ತಗಡು ಬಿದ್ದಾಗ ಅದರ ಮೇಲಿನ ಸಮುದಾಯವೂ ಮರಳಿಗೆ ಬೀಳುತ್ತದೆ. ಆದರೆ ಹೊಸ ಅಂಚುಗಳೂ ಸಂದಿಗಳೂ ಹುಟ್ಟುತ್ತವೆ. ಕುಸಿಯುತ್ತಿರುವ ಹಡಗು ಕೆಲಕಾಲ ಮೊದಲಿಗಿಂತ ಹೆಚ್ಚು ಬಗೆಯ ನೆಲೆಗಳನ್ನು ಒದಗಿಸಬಲ್ಲುದು. ಕೊನೆಗೆ ಎಲ್ಲವೂ ಮರಳಿನ ಮಟ್ಟಕ್ಕೆ ಬರುತ್ತದೆ.

ಸೇಂಟ್ ಆಬ್ಸ್ ತೀರದ ಬಿರುಕುಗಳಲ್ಲಿ ಅನಾರಿಕಾಸ್ ಲೂಪಸ್ ಎಂಬ ತೋಳಮೀನು ವಾಸಿಸುತ್ತದೆ. ನೀಲಿಬೂದು ಬಣ್ಣದ ಈ ಮೀನು ತನ್ನ ಬಲವಾದ ದವಡೆಗಳಿಂದ ಮುಳ್ಳುಚೆಂಡು, ಏಡಿ, ಚಿಪ್ಪುಗಳನ್ನು ಪುಡಿಮಾಡಿ ತಿನ್ನುತ್ತದೆ. ಸವೆದ ಹಲ್ಲುಗಳಿಗೆ ಬದಲಾಗಿ ವರ್ಷಕ್ಕೊಮ್ಮೆ ಹೊಸ ಹಲ್ಲುಗಳು ಬರುತ್ತವೆ. ಇದು ಉತ್ತರದ ಶೀತಜಲದ ಮೀನು. ಬ್ರಿಟನ್ನಿನ ಪೂರ್ವತೀರವು ಇದರ ವ್ಯಾಪ್ತಿಯ ದಕ್ಷಿಣದ ಅಂಚಿಗೆ ಸಮೀಪ. ಉತ್ತರ ಸಮುದ್ರವು ಬೆಚ್ಚಗಾಗುತ್ತಿರುವ ಈ ಕಾಲದಲ್ಲಿ, ಅಂಚಿನಲ್ಲಿರುವ ಪ್ರಾಣಿಯೇ ಬದಲಾವಣೆಯನ್ನು ಮೊದಲು ತಿಳಿಸುವುದು. ಹಾಗೆ ತಿಳಿಸಿದರೂ, ಹಿಂದೆ ಎಲ್ಲಿ, ಎಷ್ಟಿದ್ದುವೆಂಬ ದಾಖಲೆಯಿಲ್ಲದಿದ್ದರೆ ಅದರ ಮಾತು ಯಾರಿಗೂ ಅರ್ಥವಾಗದು. ಇಪ್ಪತ್ತು ನಿಮಿಷ ಇಳಿದು ಬಂದ ಸಾಮಾನ್ಯ ಮುಳುಗುಗಾರನು ದಿನ, ಆಳ, ಉಷ್ಣತೆ, ಕಂಡ ಪ್ರಾಣಿ ಇಷ್ಟನ್ನು ಬರೆದಿಟ್ಟರೂ ಅದು ಮುಂದೆ ಬರುವವರಿಗೆ ಆಧಾರವಾಗುತ್ತದೆ. ಅವನು ನೆನಪಿಗೆಂದು ಹಿತ್ತಾಳೆಯ ತುಣುಕೊಂದನ್ನು ಕಿತ್ತು ತಂದರೆ ಅಂಟಿಕೊಂಡಿದ್ದ ಜೀವವೂ ಹೋಗುತ್ತದೆ, ದಾಖಲೆಯೂ ಹರಿಯುತ್ತದೆ. ಅಲ್ಲಿಂದ ತರಬೇಕಾದುದು ಬರಹವೊಂದನ್ನೇ.

ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ಸ್ಕಾಟ್ಲೆಂಡಿನ ಕಡಲು ದೂರ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಬೆಚ್ಚಗಿನ ನೀರಿನಲ್ಲಿ ಸ್ಕೂಬಾ ಕಲಿಯುವವರು ಈಗ ಉಂಟು. ಅವರೂ ಇದೇ ಅಭ್ಯಾಸವನ್ನು ರೂಢಿಸಿಕೊಳ್ಳಬಹುದು. ನೀರಿಗಿಳಿಯದವರಿಗೂ ಈ ಪಾಠ ದಡದಲ್ಲಿಯೇ ಲಭ್ಯ. ಬಂದರಿನಲ್ಲಿ ಹೊಸದಾಗಿ ಇಳಿಸಿದ ಕಂಬ, ಕೆರೆದು ಮತ್ತೆ ನೀರಿಗೆ ಬಿಟ್ಟ ದೋಣಿ, ಅಳಿವೆಯಲ್ಲಿ ಇಳಿಬಿಟ್ಟ ಒಂದು ಹಂಚು, ಇವೆಲ್ಲವೂ ದಿನಾಂಕವುಳ್ಳ ಬಂಡೆಗಳೇ. ಇಟ್ಟ ದಿನವನ್ನು ಬರೆದುಕೊಂಡು, ತಿಂಗಳಿಗೊಮ್ಮೆ ಹೋಗಿ ಎಣಿಸಿದರೆ, ಯಾವುದು ಮೊದಲು ಬಂದಿತು, ಯಾವುದು ಉಳಿಯಿತು, ಯಾವುದನ್ನು ಯಾವುದು ತಿಂದಿತು ಎಂಬುದು ಒಂದು ವರ್ಷದೊಳಗೆ ತಾನಾಗಿ ತಿಳಿಯುತ್ತದೆ. ಗ್ಲಾನ್‌ಮೈರ್‌ನ ಮೊದಲ ವರ್ಷಗಳನ್ನು ಹೀಗೆ ಎಣಿಸಿದವರಿಲ್ಲದೆ ಹೋಯಿತು. ಆ ಪುಟಗಳನ್ನು ಇನ್ನು ಯಾರೂ ತುಂಬಲಾರರು.